ಗಾಡಿ ಹೋಯ್ತು, ಯಜಮಾನರು ಉಳಿದ್ರು

ಲಾಸ್ ಏಂಜಲಿಸ್ ಕಡೆಯ ಕನ್ನಡಿಗರ ಕಾವೇರಿ ಬಳಗದ ಅಧ್ಯಕ್ಷರಾದ ಡಾಕ್ಟರ್ ವಿಶ್ವೇಶ್ವರ ವೆಸ್ಟ್ ಕೊವಿನಾದಿಂದ ಫೋನ್ ಮಾಡಿದಾಗ ವರದರಾಜ, ಅಲ್ಲಿಂದ ಎರಡು ಗಂಟೆ ದೂರದ ಯೂನಿವರ್ಸಿಟಿ ಸಿಟಿ ಅನ್ನುವ ಬಡಾವಣೆಯ ತಮ್ಮ ಅಪಾರ್ಟ್‌ಮೆಂಟಿನಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಫೋನ್ ಇಡುವ ಹೊತ್ತಿಗೆ ಸಾಸಿವೆ ಸೀದು ಕರಕಲಾಗಿ, ಹೊಗೆಯ ಅಲಾರಂ ಬಡಿದುಕೊಂಡು, ಹೆಂಡತಿ ಮೈಥಿಲಿ ಟವೆಲ್ ಬೀಸುತ್ತ ಓಡಿ ಬಂದಿದ್ದರು.

"ಏನ್ರೀ ಆಯ್ತು? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ ಕಣೇ. ರಾಜ್ಯೋತ್ಸವಕ್ಕೆ ಚೀಫ್ ಗೆಸ್ಟ್ ಫಿಕ್ಸ್ ಮಾಡಿದಾರೆ."

"ಅದಕ್ಯಾಕೆ ಮನೆ ಸುಡ್ತೀರಿ? ಯಾರಂತೆ?"

"ಆಲ್ಬಿನ್."

ಟವೆಲ್ ನಿಂತಿತು. ಮೈಥಿಲಿ ಮೂವತ್ತೆಂಟು ವರ್ಷ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಟ್ಟ ಡಾಕ್ಟರು. ಎಂಥ ಸುದ್ದಿ ಬಂದರೂ ಮುಖದ ಒಂದು ಗೆರೆ ಅಲುಗದ ಹೆಂಗಸು. ಈಗ ತುಟಿಯ ಮೂಲೆ ಅಲುಗಿತು.

"ಹಾಗಾದ್ರೆ ಸಿಕ್ಕಿಬಿದ್ರಿ ಅನ್ನಿ," ಎಂದರು.

ಹೇಗೆ ಸಿಕ್ಕಿಬಿದ್ದರು ಅನ್ನುವುದಕ್ಕೆ ಐದು ವರ್ಷ ಹಿಂದಕ್ಕೆ ಹೋಗಬೇಕು.

2020ರ ಏಪ್ರಿಲ್. ವರದರಾಜ ಟೆಲಿಕಾಂ ಕಂಪನಿಯಿಂದ ರಿಟೈರ್ ಆಗಿ ನಾಲ್ಕೇ ತಿಂಗಳಾಗಿತ್ತು. ಊರು ಸುತ್ತಬೇಕು, ಜನರನ್ನು ನೋಡಬೇಕು, ಬಾಯಿ ನೋಯುವಷ್ಟು ಮಾತಾಡಬೇಕು ಅಂತ ಪಟ್ಟಿ ಹಾಕಿಕೊಂಡು ಕೂತಿದ್ದವರನ್ನು ಕೊರೊನಾ ಮನೆಯೊಳಗೆ ಕೂಡಿಹಾಕಿಬಿಟ್ಟಿತು. ಮಾತಿಗೆ ಜನ ಇಲ್ಲ. ಮೈಥಿಲಿ ಇದ್ದರು, ನಿಜ, ಆದರೆ ಅವರಿಗೆ ಪೇಷೆಂಟ್ ಬಾಯಿ ತೆರೆಯುವ ಮೊದಲೇ ಮಲಗಿಸಿ ಅಭ್ಯಾಸ. ಹೀಗಿರುವಾಗ ಕಂಪ್ಯೂಟರಿನಲ್ಲಿ ಹಳೆಯ ಆಟೋಟಗಳ ವಿಡಿಯೊ ನೋಡುತ್ತ ನೋಡುತ್ತ ಒಂದು ದಿನ ಒಂದು ಬಾಬ್‌ಸ್ಲೆಡ್ ಸ್ಪರ್ಧೆ ಸಿಕ್ಕಿತು.

ಬಾಬ್‌ಸ್ಲೆಡ್ ಅಂದರೆ ಚಕ್ರವಿಲ್ಲದ ಗಾಡಿ. ಬೆಟ್ಟದ ಮೇಲಿಂದ ತಪ್ಪಲಿನವರೆಗೆ ಮಂಜುಗಡ್ಡೆಯ ಕಾಲುವೆ ಕಟ್ಟಿರುತ್ತಾರೆ. ನಾಲ್ಕು ಜನ ಗಾಡಿಯನ್ನು ತಳ್ಳಿಕೊಂಡು ಓಡಿ, ಓಡುತ್ತಲೇ ಒಬ್ಬರ ಹಿಂದೆ ಒಬ್ಬರು ಅದರೊಳಕ್ಕೆ ಹಾರಿ ಕೂರಬೇಕು. ಆಮೇಲೆ ಗಾಡಿ ತಾನಾಗಿ ಬಾಣದ ಹಾಗೆ ಕೆಳಗೆ. ಎಲ್ಲರಿಗಿಂತ ಕೊನೆಯಲ್ಲಿ ಹತ್ತುವವನು ಬ್ರೇಕ್‌ಮನ್. ಗುರಿ ಮುಟ್ಟಿದ ಮೇಲೆ ಬ್ರೇಕ್ ಎಳೆದು ನಿಲ್ಲಿಸುವುದು ಅವನ ಪಾಲಿನ ಕೆಲಸ.

ಆ ವಿಡಿಯೊದಲ್ಲಿದ್ದವನು ಸ್ವಿಟ್ಜರ್ಲೆಂಡಿನ ಬ್ರೇಕ್‌ಮನ್ ಆಲ್ಬಿನ್ ಇಂಬೋಡೆನ್. ಊರಿನಲ್ಲಿ ಪಿಯಾನೊ ಹೊತ್ತು ಮಹಡಿ ಹತ್ತಿಸುವ ಕೆಲಸ ಮಾಡಿಕೊಂಡಿದ್ದ ಗಟ್ಟಿ ಆಳು, ಎರಡು ಸಲ ವಿಶ್ವ ಚಾಂಪಿಯನ್, ಎರಡು ಚಿನ್ನದ ಪದಕ. ಆದರೆ ಎಂಬತ್ತರ ದಶಕದ ಆ ಒಂದು ದಿನ, ತಳ್ಳಿಯಾದ ಮೇಲೆ ಹಾರುವ ಗಳಿಗೆಯಲ್ಲಿ, ಕಾಲು ಜಾರಿತು. ಗಾಡಿ ಮೂವರನ್ನು ಹೊತ್ತುಕೊಂಡು ಹೋಯಿತು. ಆಲ್ಬಿನ್ ಮಾತ್ರ ಹಿಂದೆ ಬಿದ್ದ, ಬಿದ್ದವನು ನಿಲ್ಲಲಿಲ್ಲ. ಕಾಲು ಮುಂದೆ ಮಾಡಿ ಕುಂಡೆಯ ಮೇಲೆ ಜಾರುತ್ತ ಹದಿನಾರು ತಿರುವುಗಳನ್ನೂ ದಾಟಿ, ಒಂದೂ ಮುಕ್ಕಾಲು ನಿಮಿಷದ ಮೇಲೆ ಗುರಿಯ ಗೆರೆ ದಾಟಿ, ಕೂತಲ್ಲೇ ಎರಡೂ ಕೈಯಿಂದ, ಇಲ್ಲದ ಬ್ರೇಕನ್ನು ಎಳೆದ.

ತಂಡ ಸ್ಪರ್ಧೆಯಿಂದ ಹೊರಬಿತ್ತು. ಆಲ್ಬಿನ್ ಮಾತ್ರ ದೇಶದ ಕಣ್ಮಣಿಯಾದ. ಅಲ್ಲಿನ ಮಕ್ಕಳು ಜಾರುಬಂಡೆಯ ಕೆಳಗೆ ಬಂದ ತಕ್ಷಣ ಇಲ್ಲದ ಬ್ರೇಕ್ ಎಳೆಯುತ್ತಾರಂತೆ. ಚಾಕೊಲೇಟ್ ಜಾಹೀರಾತಿನಲ್ಲಿ ಅವನೇ, ರೈಲ್ವೆಯವರ ಪೋಸ್ಟರಿನಲ್ಲೂ ಅವನೇ. ಚಳಿಗಾಲ ಬಂದರೆ ಟಿವಿಯಲ್ಲಿ ಆ ಜಾರುವಿಕೆ ಒಂದು ಸಲವಾದರೂ ಬರಲೇಬೇಕು. ಎರಡು ಚಿನ್ನದ ಸುದ್ದಿ ಯಾರಿಗೂ ನೆನಪಿಲ್ಲ.

ವಿಡಿಯೊ ಜರ್ಮನ್ ಭಾಷೆಯಲ್ಲಿತ್ತು. ವರದರಾಜರು ಧ್ವನಿ ತೆಗೆದುಹಾಕಿ ತಾವೇ ಕನ್ನಡದಲ್ಲಿ ಕಾಮೆಂಟರಿ ಕೊಟ್ಟರು. ಚಿಕ್ಕಂದಿನಲ್ಲಿ ಮೈಸೂರಿನ ಮನೆಯ ರೇಡಿಯೊಗೆ ಕಿವಿ ಅಂಟಿಸಿಕೊಂಡು ಕೇಳಿದ ಕ್ರಿಕೆಟ್ಟು, ದಸರಾ ಕುಸ್ತಿ, ಎಲ್ಲವೂ ಗಂಟಲಿಗೆ ಬಂತು.

"ನಾಲ್ಕು ಜನ, ಒಂದು ಗಾಡಿ! ತಳ್ತಾ ಇದಾರೆ, ನಮ್ಮ ಮಾವನವರ ಫಿಯೆಟ್ಟನ್ನ ಚಾಮರಾಜಪುರಂನಲ್ಲಿ ತಳ್ತಿದ್ದ ಹಾಗೆ ತಳ್ತಾ ಇದಾರೆ! ಒಬ್ಬರು ಹತ್ತಿದ್ರು. ಇಬ್ಬರು ಹತ್ತಿದ್ರು. ಮೂವರು ಹತ್ತಿದ್ರು. ನಾಲ್ಕನೆಯವರು ಎಡಗಾಲು ಎತ್ತಿದ್ರು... ಅಯ್ಯಯ್ಯಯ್ಯೋ! ಗಾಡಿ ಹೋಯ್ತು, ಯಜಮಾನರು ಉಳಿದ್ರು! ಇಲ್ಲ ಸ್ವಾಮಿ, ಇವರೂ ಹೊರಟ್ರು! ಟಿಕೆಟ್ ತಗೊಂಡಿದೀನಿ, ಸೀಟಿಲ್ದಿದ್ರೆ ಏನಂತೆ, ಊರು ಮುಟ್ಟೇ ಮುಟ್ತೀನಿ ಅಂತ ಹೊರಟೇಬಿಟ್ರು! ಕಣ್ಣು ಮುಚ್ಕೊಂಡು ಮನೆದೇವರನ್ನ ನೆನೀತಾ ಇದಾರೆ ನೋಡಿ..."

ಹೀಗೆ ಒಂದೂ ಮುಕ್ಕಾಲು ನಿಮಿಷ, ಕೊನೆಯ ಬ್ರೇಕಿನವರೆಗೆ. ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದರು. ಸಂಜೆಯೊಳಗೆ ಅದು ಲಾಸ್ ಏಂಜಲಿಸ್ ದಾಟಿತು, ವಾರದೊಳಗೆ ಮಲ್ಲೇಶ್ವರಂ ಮುಟ್ಟಿತು. ತಿಂಗಳ ಮೇಲೆ ಧಾರವಾಡದ ಯಾರೋ ಅದನ್ನು ವರದರಾಜರಿಗೇ ಕಳಿಸಿ, 'ಇದನ್ನ ನೋಡೀರೇನ್ರೀ, ನಕ್ಕು ನಕ್ಕು ಸಾಕಾತು' ಅಂತ ಬರೆದರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮರುವರ್ಷ ಫೆಬ್ರವರಿಯಲ್ಲಿ ಪಕ್ಕದ ಊರು ಡೆಲ್ ಮಾರ್‌ನ ಮೈದಾನದಲ್ಲಿ ಹಿರಿಯರಿಗೆ ಲಸಿಕೆ ಹಾಕುತ್ತಿದ್ದರು. ಚುಚ್ಚಿಸಿಕೊಂಡ ಮೇಲೆ ಹದಿನೈದು ನಿಮಿಷ ಕುರ್ಚಿಯಲ್ಲಿ ಕೂರಬೇಕು. ಕೂತಿರುವಾಗ ನರ್ಸ್ ಒಬ್ಬಳು ಕಾಗದ ನೋಡಿ, "ಇಂಬೋಡೆನ್, ಆಲ್ಬಿನ್?" ಅಂತ ಕೂಗಿದಳು. ಪಕ್ಕದ ಕುರ್ಚಿಯಿಂದ ಒಬ್ಬ ಬೆಟ್ಟದಂಥ ಮುದುಕ ಎದ್ದ.

ವರದರಾಜ ಕುರ್ಚಿಯ ತುದಿಗೆ ಬಂದರು. ಆತ ಬಂದು ಕೂತ ಕೂಡಲೇ, "ನೀವು... ಆ ಇಂಬೋಡೆನ್ ಅವರೇ?" ಎಂದರು. ಇಬ್ಬರ ಮಾತೂ ಇಂಗ್ಲಿಷಿನಲ್ಲೇ ನಡೆದದ್ದು, ಕನ್ನಡದಲ್ಲಿ ಹೇಳಿಕೊಂಡು ಹೋಗುವುದು ನಮಗೂ ಸುಲಭ.

ಮುದುಕನ ಭುಜ ಇಳಿಯಿತು. ನಲವತ್ತು ವರ್ಷದಿಂದ ಇದೇ ಪ್ರಶ್ನೆ, ಇದರ ಹಿಂದೆಯೇ ಅದೇ ನಗು. ಅದರಿಂದ ತಪ್ಪಿಸಿಕೊಳ್ಳಲೆಂದೇ ಅವನು ಮಂಜೇ ಬೀಳದ ಊರಿಗೆ, ಮಗಳ ಮನೆಗೆ ಬಂದು ಸೇರಿಕೊಂಡಿದ್ದ. "ಆ ಇಂಬೋಡೆನ್ ಅಂದರೆ ಯಾವ ಇಂಬೋಡೆನ್?" ಎಂದ, ದಣಿದ ದನಿಯಲ್ಲಿ.

ಆ ದಣಿವು ಕಂಡು ವರದರಾಜರ ಬಾಯಿಂದ ತಾನೇ ತಾನಾಗಿ ಬಂದುಬಿಟ್ಟಿತು: "ಎರಡು ಚಿನ್ನ ಗೆದ್ದ ಇಂಬೋಡೆನ್."

ಮುದುಕ ತಿರುಗಿ ನೋಡಿದ. "ಬೇರೇನೂ ಕೇಳಿಲ್ಲವೇ, ನನ್ನ ಬಗ್ಗೆ?"

"ಬೇರೆ ಏನಿದೆ?" ಎಂದರು ವರದರಾಜ.

ಇಷ್ಟೇ ಸುಳ್ಳು. ಆದರೆ ಈ ಸುಳ್ಳಿನ ಮೇಲೆ ಒಂದು ಸ್ನೇಹ ಕಟ್ಟಿಕೊಂಡಿತು. ಹೆಚ್ಚುಕಡಿಮೆ ಐದು ವರ್ಷ, ಪ್ರತಿ ಮಂಗಳವಾರ ಡೆಲ್ ಮಾರ್ ಕಡಲತೀರದಲ್ಲಿ ಇಬ್ಬರೂ ನಡೆದರು. ಮೊದಲ ಚಿನ್ನದ ಕಥೆ, ಎರಡನೆಯ ಚಿನ್ನದ ಕಥೆ, ಮತ್ತೆ ಮೊದಲನೆಯದು. ಆಮೇಲೆ ಆಲ್ಬಿನ್ ಮನೆಯಲ್ಲಿ ಕಾಫಿ. ಮೇಜಿನ ಮೇಲೆ ಸ್ವಿಟ್ಜರ್ಲೆಂಡಿನ ಅಂಚೆಚೀಟಿ ಅಂಟಿಸಿದ ಕಾಗದಗಳ ರಾಶಿ, ಈಗಲೂ ವಾರಕ್ಕೆ ಇಪ್ಪತ್ತು ಮೂವತ್ತು. ಎಲ್ಲರಿಗೂ ಹಸ್ತಾಕ್ಷರದ ಕಾರ್ಡ್ ಬೇಕು. ಒಂದು ಸಲ ಮೇಲಿನ ಲಕೋಟೆಯಲ್ಲಿ ಯಾವುದೋ ಮಗು ಬರೆದ ಚಿತ್ರ ಕಾಣುತ್ತಿತ್ತು: ಕಾಲುವೆಯಲ್ಲಿ ಜಾರುತ್ತಿರುವ ದಪ್ಪ ಮನುಷ್ಯ. ಆಲ್ಬಿನ್ ಅದನ್ನು ಮೆಲ್ಲಗೆ ಮಗುಚಿದ. ವರದರಾಜ ಕಿಟಕಿಯಾಚೆ ನೋಡಿ, ಇವತ್ತು ಅಲೆ ಜೋರು ಎಂದರು.

ಈಗ ಬಳಗದ ಮೇಘಾ ಅನ್ನುವ ರಿಸರ್ಚ್ ಹುಡುಗಿ ಇಬ್ಬರನ್ನೂ ಕಡಲತೀರದಲ್ಲಿ ಕಂಡು, ದೂರದಿಂದಲೇ ಫೋಟೊ ತೆಗೆದು ಗುಂಪಿಗೆ ಹಾಕಿದ್ದಳು. ಅದನ್ನು ನೋಡಿಯೇ ವಿಶ್ವೇಶ್ವರ ಒಗ್ಗರಣೆ ಸೀದ ಆ ಫೋನಿನಲ್ಲಿ ಕುಣಿದಾಡಿಬಿಟ್ಟಿದ್ದರು.

"ಏನ್ ಸ್ವಾಮಿ ವರದರಾಜ್ ಅವ್ರೇ, ಗಾಡಿ ಯಜಮಾನರನ್ನ ಪಕ್ಕದಲ್ಲಿಟ್ಕೊಂಡು ನಮಗೊಂದು ಮಾತು ಹೇಳ್ಲಿಲ್ವಲ್ಲ! ಈ ಸಲ ರಾಜ್ಯೋತ್ಸವಕ್ಕೆ ಅವರೇ ಚೀಫ್ ಗೆಸ್ಟು. ಮುನ್ನೂರು ಜನಾನೂ ಬರ್ತಾರೆ, ಬೆಂಗಳೂರಿಂದ ಸಿನಿಮಾದವರನ್ನ ಕರೆಸಿದ್ರೂ ಇಷ್ಟು ಜನ ಬರಲ್ಲ. ಅತಿಥಿ ಪರಿಚಯ ನಿಮ್ದೇ."

ಇಲ್ಲೇ ವರದರಾಜ ಜಾರಿದ್ದು. ಹದಿನೆಂಟು ವರ್ಷದಿಂದ ಬಳಗದಲ್ಲಿ ಅವರಿಗೆ ಕೊಡುತ್ತಿದ್ದದ್ದು ವಂದನಾರ್ಪಣೆ. ಅವರು ಮೈಕ್ ಹಿಡಿಯುವಷ್ಟರಲ್ಲಿ ಜನ ತಟ್ಟೆ ಹಿಡಿದಿರುತ್ತಿದ್ದರು. ಅತಿಥಿ ಪರಿಚಯ ಅಂದರೆ ಬೇರೆ ಮಾತು. ಎಲ್ಲರೂ ಕೂತಿರುತ್ತಾರೆ, ಹಸಿದಿರುವುದಿಲ್ಲ. "ಆದ್ರೆ ಆ ವಿಡಿಯೊ ಹಾಕ್‌ಬಾರ್ದು," ಎಂದಷ್ಟೇ ಹೇಳಿದರು.

"ವಿಡಿಯೊ ಇಲ್ದೆ ಅವರನ್ನ ಯಾಕ್ ಕರೀಬೇಕು ಸ್ವಾಮಿ?"

"ಹಾಕಿದ್ರೆ ಅವರೂ ಬರಲ್ಲ, ನಾನೂ ಬರಲ್ಲ."

ವಿಶ್ವೇಶ್ವರ ಅರೆಮನಸ್ಸಿನಿಂದ ಒಪ್ಪಿದರು. ಆಹ್ವಾನ ಕೇಳಿ ಆಲ್ಬಿನ್ ಮಾತ್ರ ಮಗುವಿನ ಹಾಗೆ ಹಿಗ್ಗಿದ. "ಅವರಿಗೆ ನನ್ನ ಬಗ್ಗೆ ಏನು ಗೊತ್ತು?" ಎಂದು ಎರಡು ಸಲ ಕೇಳಿದ.

"ಎರಡು ಚಿನ್ನ," ಎಂದರು ವರದರಾಜ. ಎರಡು ಸಲವೂ.

ನವೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಮೈಥಿಲಿಯೇ ಕಾರು ಓಡಿಸಿದರು. ವರದರಾಜ ಪಕ್ಕದಲ್ಲಿ ಕೂತು ಅತಿಥಿ ಪರಿಚಯದ ಪುಟಗಳನ್ನು ತಿರುವುತ್ತಿದ್ದರು. ಡೆಲ್ ಮಾರ್‌ನಲ್ಲಿ ಆಲ್ಬಿನ್ನನ್ನು ಹತ್ತಿಸಿಕೊಂಡರು. ಕಡುನೀಲಿ ಸೂಟು, ಜೇಬಿನಲ್ಲಿ ಎರಡೂ ಪದಕ. ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಭಾಷಣ ಓದಿಕೊಂಡ.

"ಈಗ್ಲಾದ್ರೂ ಹೇಳ್ಬಿಡ್ರೀ," ಎಂದು ಮೈಥಿಲಿ ಕನ್ನಡದಲ್ಲಿ ಮೆಲ್ಲಗೆ ಅಂದರು. "ಮುನ್ನೂರ್ ಬಾಯಿ ಮುಚ್ಚಕ್ಕಾಗತ್ತಾ ನಿಮಗೆ? ನನ್ ಹತ್ರ ಅಷ್ಟು ಔಷಧಿ ಇಲ್ಲ."

"ಸುಮ್ನಿರೇ. ವಿಶ್ವೇಶ್ವರ ಎಲ್ಲರಿಗೂ ಹೇಳಿದಾರೆ."

ವಿಶ್ವೇಶ್ವರ ಹೇಳಿದ್ದು ವಿಡಿಯೊ ಹಾಕುವ ಹುಡುಗರಿಗೆ ಮಾತ್ರ. ವೆಸ್ಟ್ ಕೊವಿನಾದ ಸಭಾಂಗಣದ ಪಾರ್ಕಿಂಗ್‌ನಲ್ಲಿ ಇಳಿದು ಹತ್ತು ಹೆಜ್ಜೆ ಹಾಕುವಷ್ಟರಲ್ಲೇ ರೇಷ್ಮೆ ಜುಬ್ಬಾ ತೊಟ್ಟ ಸುಜಯ್ ಅನ್ನುವ ಸಾಫ್ಟ್‌ವೇರ್ ಎಂಜಿನಿಯರ್ ಕೈ ಚಾಚಿಕೊಂಡು ಓಡಿ ಬಂದ. "ಗಾಡಿ ಹೋಯ್ತು, ಯಜಮಾನರು ಉಳಿದ್ರು! ಸಾರ್, ಒಂದ್ ಸೆಲ್ಫಿ!"

ಸೆಲ್ಫಿ ಆಯಿತು. "ಏನಂದ ಆತ?" ಎಂದು ಆಲ್ಬಿನ್ ಕೇಳಿದ.

ವರದರಾಜ ಸುಜಯ್ ದೂರ ಹೋಗುವವರೆಗೆ ಕಾದರು. "ಅದು... ನಮ್ಮ ಕಡೆ ದೊಡ್ಡವರನ್ನು ಸ್ವಾಗತಿಸುವ ಮಾತು. ವಾಹನಗಳು ಬರುತ್ತವೆ, ಹೋಗುತ್ತವೆ. ಮನುಷ್ಯ ಉಳಿಯುತ್ತಾನೆ ಅಂತ."

ಆಲ್ಬಿನ್ ನಿಂತುಬಿಟ್ಟ. "ಎಷ್ಟು ಆಳವಾದ ಮಾತು," ಎಂದ.

ಮೈಥಿಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಾರಿನ ಕಡೆ ತಿರುಗಿದರು, ಏನೋ ಮರೆತವರಂತೆ.

ಬಾಗಿಲ ಬಳಿ ಪನ್ನೀರು ಚಿಮುಕಿಸುತ್ತಿದ್ದ ಹೆಂಗಸರು, "ಗಾಡಿ ಹೋಯ್ತು!" ಎಂದರು. ಕಾಫಿ ಲೋಟ ಹಿಡಿದ ಹಿರಿಯರೊಬ್ಬರು, "ಯಜಮಾನರು ಉಳಿದ್ರು!" ಎಂದು ಬೆನ್ನು ತಟ್ಟಿದರು. ಆಲ್ಬಿನ್‌ಗೆ ಕಿವಿ ಚುರುಕು. ಐದನೆಯವರು ಹೇಳುವ ಹೊತ್ತಿಗೆ ಕಲಿತೇಬಿಟ್ಟ. ಆರನೆಯವರು ಬಾಯಿ ತೆರೆಯುವ ಮೊದಲೇ ತಾನೇ ಎರಡೂ ಕೈ ಜೋಡಿಸಿ, ಸೊಂಟ ಬಾಗಿಸಿ, "ಗಾಡಿ ಹೊಯ್ಟು, ಯಜಮಾನರು ಉಲಿದ್ರು," ಎಂದ.

ಜನ ಕುಪ್ಪಳಿಸಿದರು. "ಅಬ್ಬಾ, ಎಂಥ ಸ್ಪೋರ್ಟಿವ್ ಮನುಷ್ಯ ರೀ!" "ತಮ್ಮನ್ನ ತಾವೇ ತಮಾಷೆ ಮಾಡ್ಕೊಳ್ತಾರಲ್ಲ!" ಒಂದು ಮಗು ಇಲ್ಲದ ಬ್ರೇಕ್ ಎಳೆದು ತೋರಿಸಿತು. ಆಲ್ಬಿನ್ ಅದನ್ನು ನೋಡಲಿಲ್ಲ. ಒಬ್ಬ ಅಜ್ಜಿಗೆ ಆಳವಾದ ಮಾತು ಹೇಳುತ್ತಿದ್ದ. ವರದರಾಜ ಎರಡನ್ನೂ ಕಣ್ಣಾರೆ ನೋಡಿದರು.

ಇಲ್ಲಿಯವರೆಗೆ ಸುಳ್ಳು ಇದ್ದದ್ದು ಆ ಮನುಷ್ಯನನ್ನು ನಗುವಿನಿಂದ ಕಾಪಾಡಲಿಕ್ಕೆ. ಈಗ ಅದೇ ಸುಳ್ಳು ಅವನ ಕೈಯಿಂದಲೇ ಅವನನ್ನು ನಗೆಪಾಟಲು ಮಾಡಿಸುತ್ತಿತ್ತು, ಅವನಿಗೇ ತಿಳಿಯದ ಹಾಗೆ.

ವೇದಿಕೆಗೆ ಕರೆದರು. ದೀಪ ಹಚ್ಚಿದ್ದಾಯಿತು, ನಾಡಗೀತೆ ಆಯಿತು. ವಿಶ್ವೇಶ್ವರ ಸ್ವಾಗತ ಭಾಷಣವನ್ನು ಹತ್ತೇ ನಿಮಿಷ ಅಂತ ಶುರು ಮಾಡಿ ಇಪ್ಪತ್ತೈದಕ್ಕೆ ಮುಗಿಸಿದರು. ನಮ್ಮ ಪದ್ಧತಿಯಂತೆ ಸನ್ಮಾನ: ಗಂಧದ ಹಾರ, ಜರಿ ಶಾಲು, ತಲೆಗೆ ಮೈಸೂರು ಪೇಟ, ಮಡಿಲಿಗೆ ಹಣ್ಣಿನ ಬುಟ್ಟಿ. ಆಲ್ಬಿನ್ ತಲೆ ದೊಡ್ಡದು, ಪೇಟ ಚಿಕ್ಕದು, ಅದು ಗೋಪುರದ ಮೇಲಿನ ಕಲಶದ ಹಾಗೆ ಕೂತಿತು. ಕಣ್ಣು ಒದ್ದೆಯಾಗಿತ್ತು ಆತನಿಗೆ. ಹಾಗೇ ಎದ್ದು ಮೈಕಿನ ಬಳಿ ಹೋಗಿ, ಎದೆಯ ಮೇಲೆ ಕೈಯಿಟ್ಟು, ಮುನ್ನೂರು ಜನರಿಗೆ ಹೇಳಿದ:

"ಗಾಡಿ ಹೊಯ್ಟು! ಯಜಮಾನರು ಉಲಿದ್ರು!"

ಸಭಾಂಗಣದ ಚಾವಣಿ ಹಾರಿಹೋಗಬೇಕು, ಅಷ್ಟು ನಗು. ಸಿಳ್ಳೆ. ಹಿಂದಿನ ಸಾಲಿನಿಂದ, "ವರದರಾಜ್ ಅಂಕಲ್, ಕಾಮೆಂಟರಿ! ಕಾಮೆಂಟರಿ!" ಎಂಬ ಕೂಗು ಎದ್ದು ಮುಂದಿನ ಸಾಲಿನವರೆಗೆ ಹಬ್ಬಿತು.

ಆಲ್ಬಿನ್ ನಗುತ್ತಲೇ ಇದ್ದ. ಆಮೇಲೆ ನಗು ಸ್ವಲ್ಪ ನಿಧಾನವಾಯಿತು. ಆ ನಗುವಿನ ಸದ್ದು ಅವನಿಗೆ ಗೊತ್ತು. ನಲವತ್ತು ವರ್ಷ ಕೇಳಿದ ಸದ್ದು. ಮೆಲ್ಲನೆ ತಿರುಗಿ, "ಏನು ಕೇಳುತ್ತಿದ್ದಾರೆ ಇವರು?" ಎಂದ.

ವರದರಾಜರ ಕೈಯಲ್ಲಿ ನಾಲ್ಕು ಪುಟದ ಅತಿಥಿ ಪರಿಚಯ. ಹದಿನೆಂಟು ವರ್ಷ ಕಾದು ಪಡೆದದ್ದು. ಅದನ್ನು ಮಡಿಸಿ ಜೇಬಿಗಿಟ್ಟು ಮೈಕಿನ ಮುಂದೆ ನಿಂತರು. ಎಲ್ಲರಿಗೂ ತಿಳಿಯಲಿ ಅಂತ ಇಂಗ್ಲಿಷಿನಲ್ಲೇ ಹೇಳಿದರು.

"ಆಲ್ಬಿನ್, ಅದು ಸ್ವಾಗತದ ಮಾತಲ್ಲ. ನೀವು ಜಾರಿದ ವಿಡಿಯೊಗೆ ನಾನು ಕಾಮೆಂಟರಿ ಕೊಟ್ಟಿದ್ದೆ. ಅದರಲ್ಲಿನ ಮಾತು ಅದು. ವಾಹನ ಹೊರಟುಹೋಯಿತು, ಸಾಹೇಬರು ಹಿಂದೆ ಉಳಿದರು ಅಂತ. ಇಲ್ಲಿ ಎಲ್ಲರೂ ಅದನ್ನು ನೋಡಿದ್ದಾರೆ, ನಾನೇ ಕಳಿಸಿದ್ದು. ನಿಮ್ಮನ್ನು ಭೇಟಿಯಾಗುವ ಮೊದಲಿಂದಲೂ ನನಗೆ ಗೊತ್ತಿತ್ತು. ಗೊತ್ತಿಲ್ಲ ಅಂದದ್ದು ಸುಳ್ಳು. ಐದು ವರ್ಷ ಸುಳ್ಳು."

ಎಲ್ಲೋ ಒಂದು ಮಗು, "ಓ ನೋ," ಎಂದಿತು.

ಆಲ್ಬಿನ್ ಪೇಟ ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟ. ವಿಶ್ವೇಶ್ವರ ಗಾಬರಿಯಿಂದ ಎದ್ದು, "ಊಟದ ವ್ಯವಸ್ಥೆ ರೆಡಿ ಇದೆ, ಎಲ್ಲರೂ..." ಎಂದು ಶುರು ಮಾಡಿದರು. ಯಾರೂ ಏಳಲಿಲ್ಲ. ಬಳಗದ ಇತಿಹಾಸದಲ್ಲೇ ಊಟ ಅಂದಾಗ ಜನ ಏಳದಿದ್ದದ್ದು ಅದೇ ಮೊದಲು.

"ಹಾಕಿ ಅದನ್ನು," ಎಂದ ಆಲ್ಬಿನ್.

"ಬೇಡ ಆಲ್ಬಿನ್..."

"ಹಾಕಿ. ಮತ್ತೆ ನೀವು ಪಕ್ಕದಲ್ಲಿ ನಿಂತು ಪ್ರತಿ ಮಾತನ್ನೂ ಇಂಗ್ಲಿಷಿನಲ್ಲಿ ಹೇಳಿ. ಈ ಸಲ ಸರಿಯಾಗಿ."

ದೊಡ್ಡ ಪರದೆಯ ಮೇಲೆ ವಿಡಿಯೊ ಓಡಿತು. ಜನ ಪರದೆ ನೋಡಲಿಲ್ಲ, ಆಲ್ಬಿನ್ ಮುಖ ನೋಡುತ್ತಿದ್ದರು. ವರದರಾಜ ತಮ್ಮದೇ ಉತ್ಸಾಹವನ್ನು ಅನುವಾದಿಸಿದರು: ಮಾವನ ಫಿಯೆಟ್ಟು, ಎಡಗಾಲು, ಟಿಕೆಟ್ ಇದ್ದೂ ಸೀಟಿಲ್ಲದ್ದು, ಮನೆದೇವರು. ಆಲ್ಬಿನ್ ಮಿಸುಕಲಿಲ್ಲ. ಕಡೆಗೆ ಪರದೆಯ ಮೇಲಿನ ಮನುಷ್ಯ ಗೆರೆ ದಾಟಿ ಎರಡು ಕೈ ಹಿಂದಕ್ಕೆಳೆದ. ಐದು ವರ್ಷದ ಹಿಂದಿನ ವರದರಾಜರ ದನಿ ಸ್ವಲ್ಪ ಇಳಿಯಿತು: "ನೋಡಿ ಸ್ವಾಮಿ, ಗಾಡಿ ಇಲ್ದಿದ್ರೂ ತಮ್ಮ ಕೆಲಸ ಮುಗಿಸಿಯೇ ಎದ್ರು."

ಅದನ್ನೂ ಅನುವಾದಿಸಿದರು.

"ಅಷ್ಟು ಹೊತ್ತು ಯಾರೂ ತೋರಿಸುವುದಿಲ್ಲ," ಎಂದ ಆಲ್ಬಿನ್, ಮೈಕ್ ಎಳೆದುಕೊಂಡು. "ಬಿದ್ದದ್ದನ್ನೂ ಕೊನೆಯ ಬ್ರೇಕನ್ನೂ ಅಂಟಿಸಿ, ಬ್ಯಾಂಡ್ ಬಾರಿಸಿ ಮುಗಿಸುತ್ತಾರೆ. ನೀವು ಕೆಳಗಿನವರೆಗೆ ನನ್ನ ಜೊತೆಗೇ ಬಂದಿದ್ದೀರಿ. ಅದು ಸರಿ. ಆದರೆ ಎರಡು ತಪ್ಪಿದೆ. ಒಂದು, ಎಡಗಾಲು ಅಲ್ಲ, ಬಲಗಾಲು."

"ಎಡಗಾಲೇ," ಎಂದುಬಿಟ್ಟರು ವರದರಾಜ, ತಡೆಯಲಾಗದೆ. "ಇನ್ನೂರು ಸಲ ನೋಡಿದ್ದೇನೆ."

"ಕಾಲು ನನ್ನದು!"

ಮೂರನೆಯ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಎರಡು," ಎಂದು ಆಲ್ಬಿನ್ ಮುಂದುವರಿಸಿದ, "ನಾನು ಕಣ್ಣು ಮುಚ್ಚಿರಲಿಲ್ಲ. ಬ್ರೇಕ್‌ಮನ್ ಅಂದರೆ ಏನು ಗೊತ್ತೇ? ಹತ್ತಿದ ಮೇಲೆ ತಲೆಯನ್ನು ಮಂಡಿಗಳ ಮಧ್ಯೆ ಹುದುಗಿಸಿ ಕೂರುವುದು. ಗಾಳಿ ತಡೆಯಬಾರದು ನೋಡಿ. ಆ ದಾರಿಯಲ್ಲಿ ನಾನು ನಾನೂರು ಸಲ ಇಳಿದಿದ್ದೇನೆ, ಎರಡು ಚಿನ್ನವೂ ಅಲ್ಲೇ. ನೋಡಿದ್ದು ನನ್ನ ಬೂಟು ಮಾತ್ರ. ಸ್ಪರ್ಧೆ ಮುಗಿದ ಮೇಲೆ ಉಳಿದವರು ಒಂಬತ್ತನೇ ತಿರುವು ಹಾಗಿತ್ತು ಹೀಗಿತ್ತು ಅನ್ನುವರು, ನಾನು ತಲೆಯಾಡಿಸುವೆ. ಆ ಒಂದೇ ದಿನ ಎಲ್ಲಾ ನೋಡಿದೆ. ಆಕಾಶ ನೋಡಿದೆ. ಒಂಬತ್ತನೇ ತಿರುವಿನಲ್ಲಿ ಒಂದು ನಾಯಿ ಇತ್ತು. ಕಂದು ಬಣ್ಣದ್ದು. ಅದು ನನ್ನ ಜೊತೆ ಓಡಿ ಬಂತು, ಬೇಲಿಯ ಆಚೆಯಿಂದ, ಹದಿನಾಲ್ಕನೇ ತಿರುವಿನವರೆಗೆ." ಅವನು ವರದರಾಜರ ಕಡೆ ತಿರುಗಿದ. ಮುಖ ಕೆಂಪಾಗಿತ್ತು. "ಐದು ವರ್ಷದಿಂದ ಆ ನಾಯಿಯ ವಿಷಯ ನಿಮಗೆ ಹೇಳಬೇಕು ಅಂತ ಒದ್ದಾಡುತ್ತಿದ್ದೇನೆ! ಹೇಗೆ ಹೇಳಲಿ? ಜಗತ್ತಿನಲ್ಲಿ ಜಾರಿದ್ದು ಗೊತ್ತಿಲ್ಲದವನು ನೀವೊಬ್ಬರೇ ಅಂದುಕೊಂಡು ಕಾಪಾಡಿಕೊಂಡು ಬಂದೆ. ಪ್ರತಿ ಮಂಗಳವಾರ ಚಿನ್ನ, ಚಿನ್ನ, ಚಿನ್ನ. ನನಗೇ ಬೇಸರವಾಗಿ ಹೋಗಿತ್ತು!"

ಚಪ್ಪಾಳೆ ಶುರುವಾದದ್ದು ಮೈಥಿಲಿಯಿಂದ. ಆಮೇಲೆ ವಿಶ್ವೇಶ್ವರ ಎಷ್ಟು ಚೀಟಿ ಕಳಿಸಿದರೂ ವೇದಿಕೆಯಿಂದ ಇಬ್ಬರನ್ನೂ ಇಳಿಸಲಾಗಲಿಲ್ಲ. ವರದರಾಜ ಕಾಮೆಂಟರಿ ಮತ್ತೆ ಹೇಳಿದರು, ಆಲ್ಬಿನ್ ನಡುನಡುವೆ ತಡೆದು ತಿದ್ದಿದ, ತಿದ್ದಿದ್ದನ್ನು ವರದರಾಜ ಒಪ್ಪಲಿಲ್ಲ. ಬಿಸಿಬೇಳೆಬಾತು ಬರೀ ಬೇಳೆಬಾತಾಯಿತು. ಕೊನೆಗೆ ವಂದನಾರ್ಪಣೆ ಮಾಡಲು ಯಾರನ್ನೂ ನೇಮಿಸಿರಲಿಲ್ಲ ಅನ್ನುವುದು ಆಗ ಹೊಳೆದು, ಅಧ್ಯಕ್ಷರೇ ತಟ್ಟೆಗಳ ಸದ್ದಿನ ನಡುವೆ ಮಾಡಬೇಕಾಯಿತು.

ಹಿಂತಿರುಗುವಾಗ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು, ಮಧ್ಯೆ ಹಣ್ಣಿನ ಬುಟ್ಟಿ. ಅರ್ವೈನ್ ಊರು ದಾಟುವವರೆಗೆ ಆಲ್ಬಿನ್ ಶಾಲನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದ. ಸಭೆಯ ಮುಂದೆ ಆಡಿದ್ದು ಬೇರೆ, ಕಾರಿನೊಳಗಿನದು ಬೇರೆ. ವರದರಾಜ ಒಂದು ಬಾಳೆಹಣ್ಣು ಸುಲಿದು ಕೊಟ್ಟರು. ತೆಗೆದುಕೊಳ್ಳಲಿಲ್ಲ. ತಾವೇ ತಿಂದರು.

"ಸುಳ್ಳು ಹೇಳಬಾರದಿತ್ತು," ಎಂದ ಆಲ್ಬಿನ್, ಕಿಟಕಿಯಾಚೆ ನೋಡುತ್ತ.

"ಹೇಳಬಾರದಿತ್ತು."

"ನಾನು ಮೂರ್ಖನ ಹಾಗೆ ಕೈ ಮುಗಿದುಕೊಂಡು ಎಲ್ಲರಿಗೂ ಹೇಳಿದೆ."

"ಹೌದು. ಕ್ಷಮಿಸಿ, ಆಲ್ಬಿನ್."

ಸ್ಯಾನ್ ಕ್ಲೆಮೆಂಟೆ ಬಂತು. ಎಡಗಡೆ ಗುಡ್ಡ, ಬಲಗಡೆ ಸಮುದ್ರ, ಮುಂದೆ ಕಾರುಗಳ ಕೆಂಪು ದೀಪ. ಟ್ರಾಫಿಕ್ ನಿಂತಿತು. ವರದರಾಜ ಐದು ವರ್ಷದ ಮಂಗಳವಾರಗಳನ್ನೆಲ್ಲ ಒಂದೊಂದಾಗಿ ಕಳೆದುಕೊಂಡಂತೆ ಕೂತಿದ್ದರು. ಆದರೂ ಬಾಯಿ ಅವರದು, ಸುಮ್ಮನಿರಲಿಲ್ಲ.

"ಆದ್ರೂ ಅದು ಎಡಗಾಲೇ," ಎಂದರು.

ಆಲ್ಬಿನ್ ಇಡೀ ಮೈ ತಿರುಗಿಸಿ ಕೂತ. ಬುಟ್ಟಿಯಿಂದ ಒಂದು ಕಿತ್ತಳೆ ಉರುಳಿ ಮುಂದಿನ ಸೀಟಿನ ಕೆಳಗೆ ಹೋಯಿತು. "ಬಲಗಾಲು! ಬ್ರೇಕ್‌ಮನ್ ಬಲಗಾಲಿನಿಂದ ಹತ್ತುವುದು! ನೀವು ಟೆಲಿಫೋನ್ ಎಂಜಿನಿಯರು, ನಿಮಗ್ಯಾರು ಹೇಳಿದರು ಎಡಗಾಲು ಅಂತ?"

"ವಿಡಿಯೊ ಹೇಳ್ತು!"

"ವಿಡಿಯೊ ತೆಗೆದವನು ಆಚೆ ಬದಿಯಲ್ಲಿ ನಿಂತಿದ್ದ!"

"ಆಚೆ ಬದಿಯಲ್ಲಿ ನಿಂತರೆ ಎಡ ಬಲ ಆಗುತ್ತಾ?"

ಐದು ವರ್ಷದಲ್ಲಿ ಅದೇ ಅವರ ಮೊದಲ ಜಗಳ. ಓಷನ್‌ಸೈಡ್‌ವರೆಗೆ ನಡೆಯಿತು. ನಡುವೆ ಎರಡು ಸಲ ಫೋನಿನಲ್ಲಿ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿದರು. ಎರಡು ಸಲವೂ ಇಬ್ಬರಿಗೂ ತಂತಮ್ಮ ಕಾಲೇ ಕಂಡಿತು. ಮೈಥಿಲಿ ಕನ್ನಡಿಯಲ್ಲಿ ನೋಡಿ, "ಇಬ್ರನ್ನೂ ಇಲ್ಲೇ ಇಳಿಸ್ಬಿಡ್ತೀನಿ ನೋಡಿ," ಎಂದು ಇಂಗ್ಲಿಷಿನಲ್ಲಿ ಗದರಿಸಿದರು. ಆಮೇಲೆ ಕನ್ನಡದಲ್ಲಿ, ತಮ್ಮಷ್ಟಕ್ಕೇ, "ಸದ್ಯ," ಎಂದರು.

ಡೆಲ್ ಮಾರ್‌ನಲ್ಲಿ ಆಲ್ಬಿನ್ ಇಳಿದ. ಶಾಲು, ಹಾರ, ಬುಟ್ಟಿ ಎಲ್ಲವನ್ನೂ ಎತ್ತಿಕೊಂಡ, ಪೇಟವನ್ನು ತಲೆಯ ಮೇಲೇ ಇಟ್ಟುಕೊಂಡ. ಬಾಗಿಲವರೆಗೆ ಹೋದವನು ಹಿಂದಿರುಗಿ ಬಂದು ಕಾರಿನ ಕಿಟಕಿಗೆ ಬಗ್ಗಿದ.

"ಮಂಗಳವಾರ ಒಂದು ಗಂಟೆ ಮೊದಲೇ ಬನ್ನಿ," ಎಂದ. "ನಾಯಿಯ ಕಥೆ ದೊಡ್ಡದಿದೆ."